ನಾಚಿಕೆಗೆ ಎಷ್ಟು ಮಾರ್ಕ್ಸು?

ಬೆಂಗಳೂರಿಂದ ಹುಬ್ಬಳ್ಳಿ ಬಸ್ಸು ಹತ್ತಿದವರು ಶಿರಾ ದಾಟಿ ಹಿರಿಯೂರು ಬರೋಷ್ಟರಲ್ಲಿ ‘ಗೊಲ್ಲರಹಟ್ಟಿ’ ಅಂತ ಮುಗಿಯುವ ಬೋರ್ಡು ನೋಡಿರ್ತೀರಿ. ನೋಡಿಲ್ಲ ಅಂದ್ರೆ ನಿದ್ದೆ ಹೊಡೆದಿರ್ತೀರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಚಿತ್ರದುರ್ಗ ಸೀಮೆಯಲ್ಲಿ ಊರಿಂದ ಒಂದಿಷ್ಟು ಆಚೆಗೆ ಕಾಡುಗೊಲ್ಲರ ಹಟ್ಟಿಗಳಿವೆ. ಕುರಿ, ಮೇಕೆ ಕಾಯ್ದುಕೊಂಡು ಬಂದ ಜನ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಎಷ್ಟೋ ವರ್ಷದಿಂದ ಕೇಳ್ತಿದ್ದಾರೆ. ರಾಜ್ಯ ಸರ್ಕಾರ ಶಿಫಾರಸನ್ನೂ ಕಳಿಸಿದೆ. ಪಟ್ಟಿಗೆ ಮಾತ್ರ ಹೆಸರು ಇನ್ನೂ ಸೇರಿಲ್ಲ.

ಪಟ್ಟಿ ಸೇರೋಕೆ ಒಂದು ಅಳತೆಗೋಲಿದೆ. 1965ರಲ್ಲಿ ಬಿ.ಎನ್. ಲೋಕೂರ್ ಸಮಿತಿ ಕೊಟ್ಟಿದ್ದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ದೂರ ಇರೋದು, ಹೊರಗಿನವರ ಜೊತೆ ಬೆರೆಯೋಕೆ ನಾಚಿಕೆ, ಹಿಂದುಳಿದಿರುವಿಕೆ. ಇವತ್ತಿಗೂ ಒಂದು ಸಮುದಾಯದ ಕಡತ ರಾಜ್ಯದಿಂದ ಹೊರಟು, ರಿಜಿಸ್ಟ್ರಾರ್ ಜನರಲ್ ಕಚೇರಿ, ಪರಿಶಿಷ್ಟ ಪಂಗಡಗಳ ಆಯೋಗ ದಾಟಿ ಸಂಸತ್ತಿಗೆ ಹೋಗುವ ದಾರಿಯಲ್ಲಿ ಈ ಐದೇ ಪ್ರಶ್ನೆ ಎದುರಾಗೋದು. ನನ್ನ ತಕರಾರು ಈ ಪ್ರಶ್ನೆಪತ್ರಿಕೆಯ ಬಗ್ಗೆ.

ನಾಚಿಕೆಯನ್ನೇ ತಗೊಳ್ಳಿ. ಕುರಿ ಮಾರೋರು ಸಂತೆಗೆ ಬರದೆ ಇರೋಕಾಗುತ್ತಾ? ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಈ ಸಮುದಾಯದವರೇ. ಅವರು ಹಾಡಿದ ಸಾವಿರಾರು ಸಾಲುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ಹೊರಗಿಂದ ಬಂದ ಮೇಷ್ಟ್ರ ಮುಂದೆ ಕೂತು ದಿನಗಟ್ಟಲೆ ಹಾಡಿದ ಅಜ್ಜಿಗೆ ಲೋಕೂರರ ನಾಲ್ಕನೇ ಪ್ರಶ್ನೆಯಲ್ಲಿ ಸೊನ್ನೆ ಬರಬೇಕು, ಅಲ್ವಾ?

ಇದು ತಮಾಷೆ ಆಯ್ತು. ತಮಾಷೆ ಅಲ್ಲದ್ದು ಮುಂದಿದೆ. ಅನೇಕ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆ ಇರಿಸುವ ಪದ್ಧತಿ ಉಳಿದಿದೆ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ 2023ರ ಜುಲೈನಲ್ಲಿ, ಮಳೆಗಾಲದ ಚಳಿಯಲ್ಲಿ, ತಾಯಿಯ ಜೊತೆ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಿತು. ಹೀಗೆ ಹೆಂಗಸರನ್ನು ಹೊರಗಿಡೋದು 2017ರ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. 2020ರ ಜನವರಿಯಿಂದ ಆ ಕಾಯ್ದೆ ಜಾರಿಯಲ್ಲಿದೆ. ಈಗ ಲೋಕೂರರ ಮೊದಲ ಎರಡು ಪ್ರಶ್ನೆಗೆ ವಾಪಸ್ ಬನ್ನಿ. ಆದಿಮ ಲಕ್ಷಣ ಎಲ್ಲಿದೆ, ವಿಶಿಷ್ಟ ಸಂಸ್ಕೃತಿ ತೋರಿಸಿ ಅಂದ್ರೆ, ಕಡತ ಬರೆಯೋರ ಕೈ ಸಲೀಸಾಗಿ ಹೋಗೋದು ಎಲ್ಲಿಗೆ? ಅದೇ ಗುಡಿಸಲಿಗೆ. ಒಂದು ಸರ್ಕಾರಿ ಕಾಗದದಲ್ಲಿ ಅಪರಾಧ, ಇನ್ನೊಂದರಲ್ಲಿ ಅರ್ಹತೆ. ಹಟ್ಟಿಯ ಹುಡುಗಿಯೊಬ್ಬಳು ‘ನಾನು ಹೊರಗೆ ಮಲಗಲ್ಲ’ ಅಂದ್ರೆ, ಅವಳ ತಮ್ಮನ ಮೀಸಲಾತಿಗೆ ಒಂದು ಸಾಕ್ಷಿ ಕಮ್ಮಿ ಆಯ್ತು ಅಂತ ಲೆಕ್ಕ ಹಾಕೋ ಪರಿಸ್ಥಿತಿ ಇದು. ಕೆಲವು ಕಡೆ ಸರ್ಕಾರವೇ ‘ಕೃಷ್ಣ ಕುಟೀರ’ ಅಂತ ಸಿಮೆಂಟಿನ ಕಟ್ಟಡ ಕಟ್ಟಿಕೊಟ್ಟಿದ್ದೂ ಆಯ್ತು. ಚಳಿ ತಪ್ಪಿತು, ಹೊರಗಿರೋದು ತಪ್ಪಲಿಲ್ಲ.

ಈ ಪ್ರಶ್ನೆಪತ್ರಿಕೆ ಕೇಳದೇ ಬಿಟ್ಟಿದ್ದೂ ಇದೆ. ಚಳ್ಳಕೆರೆಯ ಕುದಾಪುರದ ಸುತ್ತ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಐಐಎಸ್‌ಸಿ, ಡಿಆರ್‌ಡಿಒ, ಇಸ್ರೋ, ಬಾರ್ಕ್ ಪಾಲಾಯ್ತು, ಗೋಡೆ ಎದ್ದಿತು. ಮೇಯಿಸೋ ಜಾಗ ಕಳಕೊಂಡಿದ್ದು ಯಾವ ಕಾಲಮ್ಮಿಗೆ ಬರುತ್ತೆ? ‘ಹಿಂದುಳಿದಿರುವಿಕೆ’ ಅಂತ ಬರೀಬಹುದೇನೋ. ಹಿಂದಕ್ಕೆ ತಳ್ಳಿದ್ದು ಅಂತ ಬರೆಯೋಕೆ ಜಾಗ ಇಲ್ಲ.

ಹಾಗಂತ ಅಳತೆಗೋಲೇ ಬೇಡ ಅಂತ ನಾನು ಹೇಳ್ತಿಲ್ಲ. ಬಾಗಿಲು ಪೂರ್ತಿ ತೆಗೆದಿಟ್ಟರೆ ಸಂಖ್ಯೆ, ಶಾಸಕರು, ಮಠ ಎಲ್ಲಾ ಇರೋ ದೊಡ್ಡ ಜಾತಿಗಳು ಮೊದಲು ಒಳಗೆ ಬರ್ತವೆ, ಹಟ್ಟಿಯವರು ಮತ್ತೆ ಹೊರಗೇ. ಪಟ್ಟಿಯಿಂದ ಸಿಗೋ ಸೀಟು, ಕೆಲಸವೂ ಸಣ್ಣದಲ್ಲ. ಬೆಟ್ಟ ಕುರುಬರ ಹೆಸರು ಸೇರಿಸೋ ಮಸೂದೆಗೆ ಸಂಸತ್ತು ಒಪ್ಪಿದ್ದು 2022ರ ಡಿಸೆಂಬರಲ್ಲಿ. ಒಂದು ಹೆಸರು ಸರಿಮಾಡೋಕೇ ಅಷ್ಟು ಕಾಲ ಬೇಕಾದ ದೇಶದಲ್ಲಿ, ಕಾಡುಗೊಲ್ಲರಿಗೆ ‘ಪ್ರಶ್ನೆ ಸರಿಯಿಲ್ಲ, ಪರೀಕ್ಷೆ ಬರೀಬೇಡಿ’ ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ.

ಆದರೆ ಬೇರೆ ಥರ ಕೇಳೋಕೆ ಬರುತ್ತೆ ಅನ್ನೋದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. 2016ರ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ನಾಯಕರಹಟ್ಟಿ, ಹಾಡಿಗಳ ಹೆಸರು ಹಿಡಿದು ಹೇಳುತ್ತೆ: ದಾಖಲೆಯಲ್ಲಿಲ್ಲದ ಇಂಥ ಜಾಗದಲ್ಲಿ ಮನೆ ಮಾಡಿಕೊಂಡಿರೋರಿಗೆ ಆ ಜಾಗದ ಹಕ್ಕು. ಕೇಳೋದು ಮುಖ್ಯವಾಗಿ ಇಷ್ಟೇ: ಇಲ್ಲಿ ವಾಸ ಇದ್ದೀರಾ? ನೀವು ಎಷ್ಟು ಆದಿಮ, ಎಷ್ಟು ನಾಚ್ತೀರಿ ಅನ್ನೋದು ಅಲ್ಲಿ ಬೇಕಿಲ್ಲ. ಹಕ್ಕುಪತ್ರದ ಅರ್ಜಿ ತಗೊಂಡು ತಾಲ್ಲೂಕು ಕಚೇರಿಗೆ ಹೋಗೋ ಹೆಂಗಸು ತನ್ನ ಮೇಲಾದ ಅನ್ಯಾಯವನ್ನು ಸಂಸ್ಕೃತಿ ಅಂತ ತೋರಿಸಬೇಕಾಗಿಲ್ಲ. ಲೋಕೂರ್ ವರದಿಯನ್ನು ತಿದ್ದೋಕೆ ಯಾರಾದರೂ ಕೂತರೆ, ಮೊದಲು ಆ ಹೆಂಗಸನ್ನು ಕರೆಸಿ ಕೂರಿಸಿಕೊಳ್ಳಲಿ.