ಬೊಂಗೊ ಇದ್ದಲ್ಲಿ ಡಗ್ಗಾ

ಬೈಲಹೊಂಗಲ ಸೀಮೆಯ ಭಜನೆಯನ್ನೋ ಜಾನಪದ ಹಾಡನ್ನೋ ಕಂಪ್ಯೂಟರಿನಲ್ಲಿ ಕೂಡಿಸಲು ಕುಳಿತವರಿಗೆ ಮೊದಲು ಎದುರಾಗುವುದು ಪರವೂರಿನ ಒಂದು ಪಟ್ಟಿ. 36 ಬಾಸ್ ಡ್ರಮ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್, 60 ಬೊಂಗೊ. ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಸಂಕೇತಭಾಷೆ ಮಿಡಿ; 1983ರಲ್ಲಿ ಬಂದಾಗ ಅದು ನೋಟುಗಳಿಗೆ 0ಯಿಂದ 127ರವರೆಗೆ ಬರೀ ಸಂಖ್ಯೆ ಕೊಟ್ಟಿತ್ತು. 1991ರ ಜನರಲ್ ಮಿಡಿ ಹತ್ತನೆಯ ಚಾನೆಲ್ಲನ್ನು ತಾಳವಾದ್ಯಕ್ಕೆ ಮೀಸಲಿಟ್ಟು, 35ರಿಂದ 81ರವರೆಗೆ ಒಂದೊಂದು ಪೆಟ್ಟನ್ನು ಕೂರಿಸಿತು. ಕ್ಯೂಬಾದ ಕೊಂಗಾ, ಬ್ರೆಜಿಲ್ಲಿನ ಕುಯಿಕಾ ಅದರಲ್ಲಿವೆ. ತಬಲಾ ಇಲ್ಲ, ಇನ್ನು ಹಲಗಿ, ಸಂಬಾಳ, ಚೌಡಿಕೆಗಳ ಮಾತೆಲ್ಲಿ ಬಂತು!

ಎಷ್ಟೋ ಜನ ಆ ಪಟ್ಟಿಯನ್ನು ಹಾಗೇ ಬಿಟ್ಟು, ‘ಬೊಂಗೊ ಒತ್ತಿದರೆ ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ಬರುತ್ತದೆ’ ಎಂದು ನೆನಪಿಟ್ಟುಕೊಂಡು ಕೆಲಸ ಸಾಗಿಸುತ್ತಾರೆ. ಅದು ಬೇಡ. ಮೊದಲ ಪೆಟ್ಟು ಹಾಕುವ ಮುಂಚೆ ಒಂದೊಂದು ನೋಟಿನ ಸಾಲಿಗೂ ಪೆಟ್ಟಿನ ಹೆಸರು ಬರೆಯಿರಿ. ರೀಪರ್ ತಂತ್ರಾಂಶದಲ್ಲಿ ಹೆಸರು ತೋರಿಸುವ ಪರದೆಗೆ ಹೋಗಿ ಎಡಬದಿಯ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಸಾಕು. ಹೆಸರಿಲ್ಲದ, ಬಳಸದ ಸಾಲುಗಳನ್ನು ಮರೆಮಾಡಬಹುದು. ಪಟ್ಟಿಯನ್ನು ಸಾದಾ ಪಠ್ಯದ ಫೈಲಾಗಿ ಉಳಿಸಬಹುದು. ಕ್ಯೂಬೇಸ್ ತಂತ್ರಾಂಶದ ಡ್ರಮ್ ಮ್ಯಾಪ್‌ನಲ್ಲಿ ಒಳಬರುವ ನೋಟ್ ಬೇರೆ, ಹೊರಹೋಗುವ ನೋಟ್ ಬೇರೆ; ಹಾಗಾಗಿ ಯಾವ ಕೀಲಿ ಒತ್ತಿದರೆ ಯಾವ ಪೆಟ್ಟು ಬರಬೇಕೆಂದು ನಾವೇ ಗೊತ್ತುಮಾಡಬಹುದು. ಟಿಪ್ಪಣಿ ಬರೆದಿಡುವಾಗ ಸ್ವರದ ಹೆಸರಿನ ಬದಲು ಸಂಖ್ಯೆಯನ್ನೇ ಬರೆಯಿರಿ. ಅದೇ 60 ಯಮಾಹಾದವರಿಗೆ ಸಿ3, ರೋಲ್ಯಾಂಡಿನವರಿಗೆ ಸಿ4.

ಸಾಲಿನ ಹೆಸರು ಯಾವುದಿರಬೇಕು? ಬಾರಿಸುವವರ ಬಾಯಲ್ಲಿರುವುದೇ ಇರಬೇಕು. ‘ತಬಲಾ 1, ತಬಲಾ 2’ ಎಂದು ಬರೆದರೆ ಒಂದು ವಾರದಲ್ಲಿ ಬರೆದವರಿಗೇ ಅರ್ಥವಾಗುವುದಿಲ್ಲ. ನಾ, ತಿನ್, ತೆ, ಗೆ, ಕತ್ ಎಂದು ಬರೆಯಿರಿ. ಬಲಗೈ ಪೆಟ್ಟುಗಳು ಒಂದು ಕಡೆ, ಎಡಗೈಯವು ಇನ್ನೊಂದು ಕಡೆ. ಆಗ ‘ಧಾ’ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಧಾ ಎಂದರೆ ಬಲಗೈಯ ನಾ, ಎಡಗೈಯ ಗೆ, ಎರಡೂ ಒಟ್ಟಿಗೆ. ಕೆಲವು ಸ್ಯಾಂಪಲ್ ಲೈಬ್ರರಿಗಳು ಅದನ್ನು ಒಂದೇ ಸ್ಯಾಂಪಲ್ (ಮುದ್ರಿತ ದನಿಯ ತುಣುಕು) ಮಾಡಿ ಕೊಡುತ್ತವೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ನನಗದು ಒಗ್ಗದು. ಒಳ್ಳೆಯ ತಬಲಜಿ ಒಂದು ಧಾದಲ್ಲಿ ಡಗ್ಗಾವನ್ನು ಒತ್ತಿ, ಇನ್ನೊಂದರಲ್ಲಿ ತೇಲಿಸಿ ಬಿಡುತ್ತಾರೆ. ಎರಡು ಸಾಲಿನಲ್ಲಿ ಬರೆದರೆ ಮಾತ್ರ ಎರಡು ಕೈಗೂ ಬೇರೆ ಬೇರೆ ವೆಲಾಸಿಟಿ (ಪೆಟ್ಟಿನ ಬಿರುಸು) ಕೊಡಬಹುದು. ಜತೆಗೆ ಗೆ ಮತ್ತು ಕತ್ ಎರಡನ್ನೂ ಒಂದು ನುಡಿದಾಗ ಇನ್ನೊಂದನ್ನು ತುಂಡರಿಸುವ ಒಂದೇ ಚೋಕ್ ಗ್ರೂಪಿಗೆ ಸೇರಿಸಿ. ಅಂಗೈ ಬಿದ್ದೊಡನೆ ಗೆಯ ಗುಂಗು ನಿಲ್ಲಬೇಕು. ನಿಲ್ಲದಿದ್ದರೆ ಒಂದು ಡಗ್ಗಾ ಇದ್ದಲ್ಲಿ ಎರಡು ಕೇಳಿಸುತ್ತವೆ.

ಎಲ್ಲಕ್ಕಿಂತ ಕಠಿಣವಾದದ್ದು ಸವದತ್ತಿಯ ಚೌಡಿಕೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ ಹತ್ತಿದವರಿಗೆಲ್ಲ ಜೋಗತಿಯರ ಕೈಯ ಆ ದನಿ ಪರಿಚಿತ. ಚರ್ಮ ಬಿಗಿದ ಕೊಳವೆ, ಚರ್ಮದ ನಡುವಿನಿಂದ ಹಾದ ತಂತಿ. ಮೀಟುತ್ತಿರುವಾಗಲೇ ಬಿಗಿತ ಬದಲಾಗಿ ಸ್ವರ ಏರುತ್ತದೆ, ಜಾರುತ್ತದೆ. ಇದನ್ನು ನಾಲ್ಕಾರು ಸ್ಯಾಂಪಲ್ ಮಾಡಿ ನಾಲ್ಕಾರು ಸಾಲಿಗೆ ಹಂಚಿದರೆ ಮೆಟ್ಟಿಲು ಸಿಗುತ್ತದೆ, ಜಾರು ಸಿಗುವುದಿಲ್ಲ. ಸ್ವರ ಬಾಗಿಸುವ ಪಿಚ್ ಬೆಂಡ್ ಬೇಕೇ ಬೇಕು. ಆದರೆ ಸಾಮಾನ್ಯ ಮಿಡಿಯಲ್ಲಿ ಪಿಚ್ ಬೆಂಡ್ ಒಂದೊಂದು ನೋಟಿಗಲ್ಲ, ಇಡೀ ಚಾನೆಲ್ಲಿಗೆ ತಗಲುತ್ತದೆ. ಹಲಗಿಯೂ ಚೌಡಿಕೆಯೂ ಒಂದೇ ಚಾನೆಲ್ಲಿನಲ್ಲಿದ್ದರೆ ಚೌಡಿಕೆ ಬಾಗಿದಾಗ ಹಲಗಿಯೂ ಬಾಗುತ್ತದೆ. ಆದ್ದರಿಂದ ಚೌಡಿಕೆಗೆ ಅದರದೇ ಚಾನೆಲ್ ಕೊಡಿ. ಬೆಂಡಿನ ವ್ಯಾಪ್ತಿ ಸಾಮಾನ್ಯವಾಗಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರೆಸ್ವರ ಮಾತ್ರ. ಸ್ಯಾಂಪ್ಲರಿನಲ್ಲಿ ಅದನ್ನು 12ಕ್ಕೆ ಏರಿಸಿಕೊಳ್ಳಿ.

ಹಲಗಿ ಅಷ್ಟು ಕಾಡುವುದಿಲ್ಲ. ದಪ್ಪ ಕೋಲಿನ ಪೆಟ್ಟು, ತೆಳು ಕಡ್ಡಿಯ ಪೆಟ್ಟು, ಎರಡಕ್ಕೂ ಪಕ್ಕಪಕ್ಕದ ಸಾಲು. ಹಲಗಿಯನ್ನು ಬೆಂಕಿಗೆ ಕಾಯಿಸಿದ ಮೇಲೆ ರೆಕಾರ್ಡ್ ಮಾಡಿದ ಸ್ಯಾಂಪಲ್ಲನ್ನೇ ಹಾಕಿ.

ಕಿತ್ತೂರು ಉತ್ಸವದಂಥ ವೇದಿಕೆಗೆ ಆಕ್ಟಪ್ಯಾಡ್ ಒಯ್ಯುವವರಿಗೆ ಇನ್ನೊಂದು ಮಾತು. ಎಂಟು ಪ್ಯಾಡಿನ ಮೊದಲ ಆಕ್ಟಪ್ಯಾಡನ್ನು ರೋಲ್ಯಾಂಡ್ 1985ರಲ್ಲಿ ತಂದಿತು. ಪ್ಯಾಡಿಗೆ ಬೇಕಾದ ನೋಟ್ ಸಂಖ್ಯೆ ಕೊಡುವ ಅನುಕೂಲ ಅದರಲ್ಲಿದೆ. ಸ್ಟುಡಿಯೊದ ಪಟ್ಟಿಯಲ್ಲಿರುವ ಸಂಖ್ಯೆಯನ್ನೇ ಪ್ಯಾಡಿಗೂ ಕೊಡಿ. ರಾಮದುರ್ಗದ ಇನ್ನೊಂದು ಸ್ಟುಡಿಯೊಗೆ ಹಾಡು ಕಳಿಸುವಾಗ ಮಿಡಿ ಫೈಲಿನ ಜತೆ ಹೆಸರಿನ ಪಟ್ಟಿಯನ್ನೂ, ತಾಳದ ಆಡಿಯೊವನ್ನೂ ಸೇರಿಸಿ. ಇಲ್ಲವಾದರೆ ಅಲ್ಲಿ ನಿಮ್ಮ ಡಗ್ಗಾ ಮತ್ತೆ ಬೊಂಗೊ ಆಗಿ ನುಡಿದೀತು.