ಉಶ್ರ್: ಎರೆಹೊಲದ ರಾಶಿಯಲ್ಲಿ ಬಡವರ ಪಾಲು

ಇಸ್ಲಾಮಿ ಅರ್ಥಶಾಸ್ತ್ರವೆಂದರೆ ಬಡ್ಡಿಯಿಲ್ಲದ ಬ್ಯಾಂಕು ಎಂಬ ತಿಳಿವಳಿಕೆಯೇ ಸಾಮಾನ್ಯವಾಗಿದ್ದರೂ, ನವಲಗುಂದ, ಅಣ್ಣಿಗೇರಿಗಳಂಥ ಎರೆನೆಲದ ತಾಲ್ಲೂಕುಗಳ ಮಟ್ಟಿಗೆ ಅದರಲ್ಲಿ ಹೆಚ್ಚು ಪರಿಶೀಲನೆಗೆ ಅರ್ಹವಾದದ್ದು ‘ಉಶ್ರ್’, ಅಂದರೆ ಫಸಲಿನ ಮೇಲಿನ ಝಕಾತ್ (ಕಡ್ಡಾಯ ದಾನ). ಮಳೆಯಿಂದ ಬೆಳೆದದ್ದರಲ್ಲಿ ಹತ್ತನೆಯ ಒಂದು ಪಾಲು, ಶ್ರಮಪಟ್ಟೋ ಹಣ ತೆತ್ತೋ ನೀರುಣಿಸಿ ಬೆಳೆದದ್ದರಲ್ಲಿ ಇಪ್ಪತ್ತನೆಯ ಒಂದು ಪಾಲು ಬಡವರಿಗೆ ಸಲ್ಲಬೇಕೆಂಬುದು ಅದರ ಸೂತ್ರ. ಹಿಂಗಾರಿಯಲ್ಲಿ ಹತ್ತು ಕ್ವಿಂಟಲ್ ಕಡಲೆ ರಾಶಿಯಾದರೆ, ಬರೀ ಮಳೆಯನ್ನು ನಂಬಿದ ಹೊಲದಿಂದ ಒಂದು ಕ್ವಿಂಟಲ್, ಕೃಷಿಹೊಂಡದ ನೀರನ್ನು ಪಂಪಿನಿಂದೆತ್ತಿ ಹಾಯಿಸಿದ ಹೊಲದಿಂದ 50 ಕಿಲೊ. ಬೆಳೆ ಕೈಕೊಟ್ಟ ವರ್ಷ ಏನೂ ಇಲ್ಲ.

ಈ ಕೊನೆಯ ಮಾತಿನ ಬೆಲೆ ನವಲಗುಂದಕ್ಕೆ ಚೆನ್ನಾಗಿ ಗೊತ್ತು. ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂಬ ಲೆಕ್ಕದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ಹೇರಿದ ಅಭಿವೃದ್ಧಿ ಕರವು, ಕಾಲುವೆಯ ನೀರು ಹೊಲ ಮುಟ್ಟಿತೇ, ರಾಶಿ ಮನೆಗೆ ಬಂತೇ ಎಂದು ಕೇಳಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಆ ಕರದ ವಿರುದ್ಧ ರೈತರು ಬಂಡೆದ್ದು, ಜೀವಗಳೇ ಹೋದವು. ಉಶ್ರ್ ಸರ್ಕಾರಿ ಕರವಲ್ಲ, ಮುಸ್ಲಿಮ್ ರೈತನ ಧಾರ್ಮಿಕ ಕರ್ತವ್ಯ. ಭಾರತದ ಜಮೀನಿಗೆ ಅದು ಕಡ್ಡಾಯವೇ ಎಂಬುದರಲ್ಲಿ ಉಲಮಾಗಳಿಗೇ, ಅಂದರೆ ಧರ್ಮಪಂಡಿತರಿಗೇ, ಒಮ್ಮತವಿಲ್ಲ. ಆದರೂ ಕಣದಲ್ಲಿ ಬಿದ್ದ ಕಾಳನ್ನು ಕಂಡ ಮೇಲೆಯೇ ಪಾಲು ಎತ್ತುವ ಅದರ ಕ್ರಮವನ್ನು ಯೋಜನೆ ರೂಪಿಸುವವರು ಕಲಿಯಲೇಬೇಕು.

ಹಾಗೆಂದು ಅದನ್ನು ಇದ್ದಂತೆ ಒಪ್ಪಲಾಗದು. ಮಳೆ ಪುಕ್ಕಟೆ, ಆದ್ದರಿಂದ ಪಾಲು ಹೆಚ್ಚು ಎಂಬ ತರ್ಕವು ಮಳೆಯನ್ನೇ ನಂಬಲಾಗದ ಈ ಸೀಮೆಯಲ್ಲಿ, ಹೆಚ್ಚು ಅಪಾಯ ಹೊತ್ತವನಿಂದಲೇ ಇಮ್ಮಡಿ ಕೇಳುತ್ತದೆ. ಬೀಜ, ಗೊಬ್ಬರ, ಆಳಿನ ಖರ್ಚನ್ನು ಇಸ್ಲಾಮಿ ನ್ಯಾಯಶಾಸ್ತ್ರದ ಹನಫಿ ಪಂಥ ಕಳೆಯುವುದೂ ಇಲ್ಲ. ಎಷ್ಟೇ ಕಡಿಮೆ ಬೆಳೆದರೂ ಪಾಲು ಸಲ್ಲಬೇಕೆಂದು ಆ ಪಂಥದ ಮೂಲಪುರುಷ ಇಮಾಮ್ ಅಬೂ ಹನೀಫಾ ಹೇಳಿದರೆ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಐದು ವಸಕ್, ಎಂದರೆ ಸುಮಾರು ಆರೂವರೆ ಕ್ವಿಂಟಲ್ ಮುಟ್ಟದ ಫಸಲಿಗೆ ವಿನಾಯಿತಿ ಕೊಟ್ಟರು. ಎರಡು ಎಕರೆಯ ರೈತನ ಮಟ್ಟಿಗೆ ಶಿಷ್ಯರ ಮತವೇ ನ್ಯಾಯವಾದದ್ದು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಝಕಾತಿನ ಪಾಲು ಒಬ್ಬ ವ್ಯಕ್ತಿಯ ಸ್ವತ್ತಾಗಿ ಕೈಸೇರಬೇಕೆಂದು ಹನಫಿಗಳು ವಿಧಿಸುವುದರಿಂದ, ಅದು ಒಂದು ಮನೆಯ ವರ್ಷದ ಕಾಳಾದೀತೇ ಹೊರತು, ಉಪ್ಪುನೀರಿನ ಈ ಸೀಮೆಗೆ ಕುಡಿಯಲು ಆಸರೆಯಾದ ಕೆರೆಯ ಹೂಳೆತ್ತಲಾರದು. ತಲೆಮಾರು ದಾಟಿ ಉಳಿಯಬೇಕಾದ ಅಂಥ ಕೆಲಸಕ್ಕೆ ಇಸ್ಲಾಮಿನಲ್ಲಿರುವ ದಾರಿ ವಕ್ಫ್, ಅಂದರೆ ಮೂಲವನ್ನು ಮಾರದೆ ಉತ್ಪನ್ನವನ್ನಷ್ಟೇ ಸಾರ್ವಜನಿಕ ಹಿತಕ್ಕೆ ಬಳಸುವ ದತ್ತಿ. 2024ರಲ್ಲಿ ಪಹಣಿಗಳಲ್ಲಿ ವಕ್ಫ್ ಹೆಸರು ಕಂಡು ರೈತರು ಗಾಬರಿಗೊಂಡು, ಸರ್ಕಾರ ನೋಟಿಸುಗಳನ್ನು ಹಿಂಪಡೆಯುವಂತಾದ ಮೇಲಂತೂ ಆ ಮಾತೇ ಜನರಿಗೆ ಭಯ ಹುಟ್ಟಿಸುವಂತಾಗಿದೆ. ವಿವಾದವಿಲ್ಲದ ವಕ್ಫ್ ಆಸ್ತಿಗಳ ಲೆಕ್ಕವನ್ನು ಊರಿನ ಮುಂದಿಟ್ಟು, ದಾನಿಯ ಉದ್ದೇಶಕ್ಕೆ ಭಂಗ ಬಾರದಂತೆ ಉತ್ಪನ್ನದ ಒಂದು ಭಾಗವನ್ನು ಕೆರೆಗಳಿಗೆ ತೆಗೆದಿಡುವ ಕೆಲಸವನ್ನು ಅಂಜುಮನ್‌ಗಳೂ (ಊರಿನ ಮುಸ್ಲಿಮ್ ಸಂಘಗಳೂ) ವಕ್ಫ್ ಮಂಡಳಿಯೂ ಮೊದಲು ಮಾಡಬೇಕು.