ಸೆಕೆಂಡಿನ ನೂರನೇ ಒಂದು ಪಾಲು

1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನ 15 ಕಿಲೋಮೀಟರ್ ಸ್ಕೀ ಓಟ. ಫಿನ್ಲೆಂಡಿನ ಆಜಾನುಬಾಹು ಯುಹಾ ಮಿಯೆಟೊ 41 ನಿಮಿಷ 57.64 ಸೆಕೆಂಡಿನಲ್ಲಿ ಗುರಿ ಮುಟ್ಟಿದ್ದರು. ಅವರ ನಂತರ ಹೊರಟಿದ್ದ ಸ್ವೀಡನ್ನಿನ ಥಾಮಸ್ ವಾಸ್‌ಬರ್ಗ್ ತೆಗೆದುಕೊಂಡದ್ದು 57.63!

ಕಣ್ಣೆವೆ ಅಲುಗುವಷ್ಟೂ ಅಂತರವಿಲ್ಲ. ಮುಂದೆ ಈ ಆಟದಲ್ಲಿ ಸಮಯವನ್ನು ಸೆಕೆಂಡಿನ ಹತ್ತನೇ ಪಾಲಿಗಷ್ಟೇ ಎಣಿಸುವಂತಾಯಿತು.

ಹಾಗೆಂದು ವಾಸ್‌ಬರ್ಗ್ ಅವರದು ಬರೀ ಅದೃಷ್ಟದ ಗೆಲುವಲ್ಲ. 1984ರ ಸರಾಯೆವೊದಲ್ಲಿ 50 ಕಿಲೋಮೀಟರ್ ಓಡಿ, ಸ್ವದೇಶದವರೇ ಆದ ಗುಂಡೆ ಸ್ವಾನ್‌ರನ್ನು 4.9 ಸೆಕೆಂಡಿನಿಂದ ಹಿಂದಿಕ್ಕಿದರು. ಅಲ್ಲಿಯೂ, 1988ರ ಕ್ಯಾಲ್ಗರಿಯಲ್ಲಿಯೂ ರಿಲೇ ಚಿನ್ನ, ಒಟ್ಟು ನಾಲ್ಕು.

ಹಟವೂ ಕಮ್ಮಿಯಿಲ್ಲ. ಸ್ವೆನ್ಸ್ಕಾ ದಾಗ್‌ಬ್ಲಾದೆತ್ ಪತ್ರಿಕೆ 1980ರಲ್ಲಿ ಕೊಟ್ಟ ಪ್ರತಿಷ್ಠಿತ ಚಿನ್ನದ ಪದಕವನ್ನು ಬೇಡವೆಂದರು. ಅದು ಹಿಂದೆಯೇ ಇನ್ನೊಬ್ಬ ಕ್ರೀಡಾಪಟುವಿಗೆ ಸಲ್ಲಬೇಕಿತ್ತು ಎಂಬುದು ಅವರ ತಕರಾರು. ಗೆದ್ದವರು ಇಷ್ಟು ಸಲೀಸಾಗಿ ಪದಕ ಬಿಡುವುದುಂಟೇ?